ದವಡೆ ಹಾಲುಹಲ್ಲಿಗೆ ಕ್ಯಾಪ್: ಸ್ಟೀಲಾ, ಬಿಳೀದಾ?

ಮಗೂನ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸ್ಬೇಕು ಅಂತ ಡಾಕ್ಟ್ರು ಹೇಳಿದ್ರೆ, ಹೆಂಗೂ ಬಿದ್ದೋಗೋ ಹಲ್ಲು ತಾನೇ ಅಂತ ಬಿಡ್ಬೇಡಿ ಪ್ಲೀಸ್, ಆ ಹಲ್ಲು ಬೀಳೋದು 9ರಿಂದ 12 ವರ್ಷದೊಳಗೆ, ಅಲ್ಲೀವರೆಗೂ ಅಗಿಯೋಕೂ ಬೇಕು, ಮುಂದೆ ಬರೋ ಹಲ್ಲಿಗೆ ಜಾಗ ಹಿಡ್ಕೊಳ್ಳೋಕೂ ಬೇಕು.

ನನ್ನ ಮಗಳಿಗೆ ಐದೂವರೆ ವರ್ಷಕ್ಕೇ ಹುಳುಕಾಗಿತ್ತು, ನಾನು ಬಿಳಿ ಜಿರ್ಕೋನಿಯಾನೇ (ಹಲ್ಲಿನ ಬಣ್ಣದ ಗಟ್ಟಿ ಸೆರಾಮಿಕ್ ಕ್ಯಾಪ್) ಬೇಕು ಅಂತ ಹಠ ಹಿಡಿದಿದ್ದೆ. ಆಮೇಲೆ ಗೊತ್ತಾಯ್ತು, ಅದನ್ನ ಕೂರಿಸೋಕೆ ಹಲ್ಲನ್ನ ಜಾಸ್ತಿ ಕೊರೆದು ಸಣ್ಣ ಮಾಡ್ಬೇಕು, ರೇಟೂ ಜಾಸ್ತಿ. ಸ್ಟೀಲ್ ಕ್ಯಾಪ್ ಅಂಚನ್ನ ಹಲ್ಲಿಗೆ ತಕ್ಕಂಗೆ ಬಗ್ಗಿಸಿ ಗಟ್ಟಿಯಾಗಿ ಕೂರಿಸ್ತಾರೆ, ಕೊನೇಗೆ ಹಲ್ಲಿನ ಜೊತೇಲೇ ಬಿದ್ದೋಗತ್ತೆ. ಹಿಂದಿನ ಹಲ್ಲಿಗೆ ಸ್ಟೀಲೇ ಸಾಕು ಅನ್ನೋದು ನನ್ನ ಅಭಿಪ್ರಾಯ, ನಗುವಾಗ ಕಾಣೋ ಜಾಗ ಆದ್ರೆ ಬಿಳೀದು ಯೋಚ್ನೆ ಮಾಡಿ.

ನೋವು, ಕೀವು ಇಲ್ದೇ ಇದ್ರೆ ಹಾಲ್ ಟೆಕ್ನಿಕ್ (Hall technique, ಸ್ಟೀಲ್ ಕ್ಯಾಪ್ ಕೂರಿಸೋ ಒಂದು ವಿಧಾನ) ಆಗತ್ತಾ ಅಂತ ತಪ್ಪದೇ ಕೇಳಿ, ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ, ಕ್ಯಾಪನ್ನ ಹಾಗೇ ಒತ್ತಿ ಕೂರಿಸ್ತಾರೆ. ಕ್ಯಾಪಿಗೆ ಜಾಗ ಆಗ್ಲಿ ಅಂತ ಮೊದ್ಲು ಕೆಲವು ದಿನ ಹಲ್ಲಿನ ಸಂದೀಲಿ ಸಣ್ಣ ರಬ್ಬರ್ ರಿಂಗ್ ಇಡಬಹುದು. ನನ್ನ ಮಗಳು ಕ್ಯಾಪ್ ಹಾಕಿಸ್ಕೊಂಡು ಮನೇಗೆ ಬಂದು ಬಾಯಿ ಪೂರ್ತಿ ಮುಚ್ತಾ ಇಲ್ಲ ಅಂತ ಅತ್ಲು, ಕ್ಯಾಪ್ ಎತ್ತರ ಇರತ್ತೆ, ಕೆಲವು ವಾರದಲ್ಲಿ ಸರಿಹೋಗತ್ತೆ, ಅಲ್ಲೀತನಕ ಮೆತ್ತಗಿರೋ ಅನ್ನ, ಇಡ್ಲಿ ಕೊಡಿ. ಚಿಕ್ಕಿ, ಅಂಟೋ ಚಾಕ್ಲೇಟು ಮಾತ್ರ ಬೇಡ, ಕ್ಯಾಪ್ ಕಿತ್ಕೊಂಡು ಬರಬಹುದು.