ಗರಾಜಿಗೆ ಹೀಟರ್ ತರುವ ಮೊದಲು ಗೋಡೆ ಮುಗಿಸಿ

ಮಿನ್ನೆಸೋಟ, ಮಿಷಿಗನ್ ಚಳಿಯಲ್ಲಿ ಗರಾಜಿಗೂ ಹೀಟರ್ ಬೇಕೆನಿಸುವುದು ಸಹಜ. ಆದರೆ ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರು ಹೀಟರ್ ಮೊದಲು ಕೊಳ್ಳುತ್ತಾರೆ, ಗೋಡೆಯ ಯೋಚನೆ ಆಮೇಲೆ. ಕಾರು, ಪೆಟ್ರೋಲು, ಪೇಂಟ್ ಡಬ್ಬಿ ಇರುವ ಜಾಗ ಅದು. ಅಲ್ಲಿ ಹೊತ್ತಿಕೊಂಡರೆ, ಮಲಗಿದವರು ಎದ್ದು ಹೊರಬರುವ ತನಕ ಬೆಂಕಿ, ಹೊಗೆಯನ್ನು ತಡೆಯಬೇಕಾದದ್ದು ಮನೆಗೂ ಗರಾಜಿಗೂ ನಡುವಿನ ಗೋಡೆ.

ಮೊದಲು ವೈರಿಂಗ್. 240 ವೋಲ್ಟಿನ 5,000 ವ್ಯಾಟ್ ಹೀಟರಿಗೆ 30 ಆಂಪ್ ಡಬಲ್ ಪೋಲ್ ಬ್ರೇಕರ್, 10 ಗೇಜ್ ತಾಮ್ರದ ವೈರ್. ನಂತರ ಗೋಡೆಯೊಳಗಿನ ಮರದ ಕಂಬಗಳ, ಅಂದರೆ ಸ್ಟಡ್‌ಗಳ ನಡುವೆ ಇನ್ಸುಲೇಷನ್. ಅದರ ಮೇಲಿನ ಕ್ರಾಫ್ಟ್ ಕಾಗದವಾಗಲಿ ಫೋಮ್ ಹಲಗೆಯಾಗಲಿ ಬೇಗ ಹೊತ್ತಿ ಉರಿಯುವ ವಸ್ತು, ತೆರೆದು ಬಿಡುವಂತಿಲ್ಲ. ಆದ್ದರಿಂದ ಹೊರಗೋಡೆಗಳಿಗೂ ಅರ್ಧ ಇಂಚಿನ ಜಿಪ್ಸಮ್ ಬೋರ್ಡ್ (ಡ್ರೈವಾಲ್) ಹೊದಿಸಿ.

ಇನ್ನು ತೂತುಗಳು. ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಬೋರ್ಡನ್ನು ಎಷ್ಟೇ ಚೆನ್ನಾಗಿ ಬಡಿದರೂ ಪೈಪಿನ ಸುತ್ತ ಬೆರಳು ತೂರುವಷ್ಟು ಸಂದು ಉಳಿದರೆ ಹೊಗೆ ಅಲ್ಲಿಂದಲೇ ಮನೆಯೊಳಗೆ ನುಗ್ಗುತ್ತದೆ. ಟಾರ್ಚ್ ಹಿಡಿದು ಮನೆಯ ಕಡೆಯ ಗೋಡೆಯನ್ನು ಅಡಿ ಅಡಿಯಾಗಿ ನೋಡಿ: ವೈರು, ನೀರಿನ ಪೈಪು, ಸೆಂಟ್ರಲ್ ವ್ಯಾಕ್ಯೂಮಿನ ಪ್ಲಾಸ್ಟಿಕ್ ಕೊಳವೆ, ಸ್ವಿಚ್ ಬಾಕ್ಸಿನ ಅಂಚು. ಸಣ್ಣ ಸಂದಿಗೆ ಬೆಂಕಿ ತಡೆಯುವ ಮೆತ್ತು, ಅಂದರೆ ಫೈರ್‌ಬ್ಲಾಕ್ ಕಾಲ್ಕ್ ಸಾಕು. ದೊಡ್ಡದಾದರೆ ಮಿನರಲ್ ವುಲ್ (ಉರಿಯದ ಖನಿಜ ನಾರು) ಒತ್ತಿ ತುರುಕಿ, ಮೇಲೆ ಕಾಲ್ಕ್ ಬಳಿಯಿರಿ. ಡಬ್ಬಿಯಿಂದ ಉಬ್ಬಿ ಬರುವ ಸಾಮಾನ್ಯ ಸ್ಪ್ರೇ ಫೋಮ್ ಮಾತ್ರ ಬೇಡ, ಅದೇ ಉರಿಯುತ್ತದೆ. ಫೈರ್‌ಬ್ಲಾಕ್ ಎಂದು ಮಾರುವ ಕಿತ್ತಳೆ ಬಣ್ಣದ ಫೋಮ್ ಕೂಡ ಬಣ್ಣದಿಂದ ಬೆಂಕಿ ತಡೆಯುವುದಿಲ್ಲ. ಎಷ್ಟು ಅಗಲದ ಸಂದಿಗೆ ಒಪ್ಪಿಗೆಯಿದೆ ಎಂಬುದನ್ನು ಲೇಬಲ್ಲಿನಲ್ಲಿ ಓದಿ.

ಮನೆಯ ಫರ್ನೇಸಿನ ಗಾಳಿ ಕೊಳವೆಗೆ (ಡಕ್ಟ್) ಗರಾಜಿನಲ್ಲಿ ಜಾಲರಿ ಕೊರೆದು ಬಿಸಿಗಾಳಿ ಪಡೆಯುವ ಅಡ್ಡದಾರಿಯನ್ನು ಖಂಡಿತ ಹಿಡಿಯಬೇಡಿ. ಕಾರಿನ ಹೊಗೆ, ಕಾರ್ಬನ್ ಮಾನಾಕ್ಸೈಡ್ ಅದೇ ಹಾದಿಯಲ್ಲಿ ಮಲಗುವ ಕೋಣೆ ಸೇರುತ್ತವೆ. ಗರಾಜಿನಲ್ಲಿ ಹಾದುಹೋಗುವ ಡಕ್ಟ್ ಕನಿಷ್ಠ 26 ಗೇಜ್ ಉಕ್ಕಿನದಾಗಿರಬೇಕು, ಗರಾಜಿನೊಳಕ್ಕೆ ಬಾಯಿ ತೆರೆದಿರಬಾರದು.

ಅಮೆರಿಕದ ಬಹುತೇಕ ರಾಜ್ಯಗಳು ಆಧಾರವಾಗಿಟ್ಟುಕೊಂಡಿರುವ ಮನೆ ಕಟ್ಟುವ ಕೋಡ್, ಐಆರ್‌ಸಿ, ಮನೆಗೆ ತಾಗಿದ ಗೋಡೆಗೂ ಅಟ್ಟಕ್ಕೂ ಕೇಳುವುದು ಗರಾಜಿನ ಬದಿಗೆ ಅರ್ಧ ಇಂಚಿನ ಬೋರ್ಡ್ ಅಷ್ಟೇ. ‘ಬೆಂಕಿಯನ್ನು ಒಂದು ಗಂಟೆ ತಡೆಯುವ ಗೋಡೆ’ ಬೇಕೆಂಬ ಮಾತು ಅದರಲ್ಲಿಲ್ಲ. ನಿಮ್ಮ ಊರಿನ ನಿಯಮ ಇನ್ನೂ ಬಿಗಿಯಿರಬಹುದು, ಪರ್ಮಿಟ್ ಕಚೇರಿಯಲ್ಲಿ ಕೇಳಿ. ಗರಾಜಿನ ಮೇಲೆ ಕೋಣೆಯಿದ್ದರೆ ಚಾವಣಿಗೆ 5/8 ಇಂಚಿನ ಟೈಪ್ ಎಕ್ಸ್ ಬೋರ್ಡೇ ಆಗಬೇಕು. ಜಿಪ್ಸಮ್ಮಿನ ತೂಕದಲ್ಲಿ ಐದನೇ ಒಂದು ಭಾಗ ನೀರೇ. ಅದು ಆವಿಯಾಗಿ ಹೋಗುವವರೆಗೆ ಹಿಂದಿನ ಮರ ಹೆಚ್ಚು ಬಿಸಿಯಾಗುವುದಿಲ್ಲ. ನೀರು ಹೋದ ಮೇಲೆ ಸಾದಾ ಬೋರ್ಡ್ ಬಿರಿದು ಉದುರುತ್ತದೆ, ಟೈಪ್ ಎಕ್ಸ್‌ನಲ್ಲಿರುವ ಗಾಜಿನ ನಾರು ಇನ್ನಷ್ಟು ಹೊತ್ತು ಹಿಡಿದಿಡುತ್ತದೆ. ಈ ಬೋರ್ಡನ್ನು ಚಾವಣಿಯ ಮರದ ಪಟ್ಟಿಗಳಿಗೆ (ಜಾಯಿಸ್ಟ್) ಅಡ್ಡಲಾಗಿ ಕೂರಿಸಿ, 6 ಇಂಚಿಗೊಂದರಂತೆ 1 7/8 ಇಂಚಿನ ಮೊಳೆ ಅಥವಾ ಅದಕ್ಕೆ ಸಮನಾದ ಸ್ಕ್ರೂ ಹಾಕಿ. ಗೋಡೆಯ ಅಭ್ಯಾಸದಲ್ಲಿ 16 ಇಂಚಿಗೊಂದು ಹಾಕಿ ಬಿಡುವವರು ಬಹಳ. ಸ್ಕ್ರೂ ತಲೆ ಕಾಗದವನ್ನು ಹರಿದು ಒಳಗಿಳಿದರೆ ಅಲ್ಲಿ ಹಿಡಿತವೇ ಇರುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಕಿ. ಆ ಚಾವಣಿಯನ್ನು ಹೊತ್ತಿರುವ ಗೋಡೆ, ತೊಲೆಗಳಿಗೂ ಅರ್ಧ ಇಂಚು ಬೇಕು.

ಬೋರ್ಡಿನ ಕೆಳಅಂಚು ನೆಲಕ್ಕೆ ತಾಗದೆ ಅರ್ಧ ಇಂಚು ಮೇಲಿರಲಿ, ಇಲ್ಲದಿದ್ದರೆ ಕಾರಿನಿಂದ ಕರಗಿ ಇಳಿದ ಹಿಮದ ನೀರನ್ನು ಹೀರಿಕೊಳ್ಳುತ್ತದೆ. ಆ ಸಂದಿಗೂ ಕಾಲ್ಕ್ ಹಾಕಿ. ಜೋಡಣೆಗಳಿಗೆ ಕಾಗದದ ಟೇಪು, ಒಂದು ಕೈ ಜಾಯಿಂಟ್ ಕಾಂಪೌಂಡ್ (ಸಂದು ಮುಚ್ಚುವ ಮೆತ್ತು) ಸಾಕು.

ಅಟ್ಟಕ್ಕೆ ಎಳೆಯುವ ಏಣಿ ಕೂರಿಸುವಾಗ ತೆಳು ಪ್ಲೈವುಡ್ ಮುಚ್ಚಳದ್ದನ್ನು ತಂದರೆ ಚಾವಣಿಯ ಶ್ರಮವೆಲ್ಲ ವ್ಯರ್ಥ. ಗರಾಜಿಗೆಂದೇ ಬೆಂಕಿ ಪರೀಕ್ಷೆಯಾದದ್ದನ್ನು ಕೊಳ್ಳಿ.

ಗರಾಜಿನಿಂದ ಮನೆಯೊಳಕ್ಕೆ ಹೋಗುವ ಬಾಗಿಲು 1 3/8 ಇಂಚಿನ, ಒಳಗೆ ಟೊಳ್ಳಿಲ್ಲದ ಮರದ್ದೋ, ಅಷ್ಟೇ ದಪ್ಪದ ಉಕ್ಕಿನದೋ, 20 ನಿಮಿಷ ಬೆಂಕಿ ತಡೆಯುವ ರೇಟಿಂಗಿನದೋ ಇರಲಿ. ಮಲಗುವ ಕೋಣೆಗೆ ತೆರೆಯಕೂಡದು. ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಕಿರಿಕಿರಿಯೆಂದು ಬಿಚ್ಚಬೇಡಿ, ನಾಯಿಗೆಂದು ಕಿಂಡಿ ಕೊರೆಯಬೇಡಿ.

ಕೊನೆಗೆ ಹೀಟರ್. ಪೆಟ್ರೋಲಿನ ಆವಿ ನೆಲದ ಹತ್ತಿರವೇ ಹರಡುವುದರಿಂದ ಕಿಡಿ ಹೊಮ್ಮುವ ಭಾಗ ಕನಿಷ್ಠ 18 ಇಂಚು ಮೇಲಿರಬೇಕು. ಎಲೆಕ್ಟ್ರಿಕ್ ಹೀಟರನ್ನು ಚಾವಣಿಗೆ ತೂಗಿಸುವುದೇ ಮೇಲು, ಕಾರೂ ತಾಗುವುದಿಲ್ಲ. ಚಿಮಣಿಯಿಲ್ಲದ ಪ್ರೊಪೇನ್, ಸೀಮೆಎಣ್ಣೆ ಹೀಟರ್ ಬೇಡವೇ ಬೇಡ. ತಯಾರಕರು ಹೇಳಿದಷ್ಟು ಜಾಗವನ್ನು ಸುತ್ತ ಬಿಟ್ಟು, ಆ ಅಳತೆಯನ್ನು ಪಕ್ಕದ ಗೋಡೆಯ ಮೇಲೆ ಪೇಂಟಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಮುಂದಿನ ಚಳಿಗಾಲಕ್ಕೆ ಅಲ್ಲೊಂದು ರಟ್ಟಿನ ಡಬ್ಬಿಗಳ ಅಟ್ಟಣೆ ಬಂದು ಕೂತಿರುತ್ತದೆ.