ಹಾಯಿದೋಣಿ ಕಲಿಯಲು ಕ್ಲಬ್ ಆರಿಸುವಾಗ ನಾನು ನೋಡಿದ್ದು

ದುಡ್ಡು ಕಟ್ಟುವ ಮುಂಚೆ ಗಾಳಿ ಬೀಸುವ ಒಂದು ಮಧ್ಯಾಹ್ನ ದಡಕ್ಕೆ ಹೋಗಿ ಹೊಸಬರ ಕ್ಲಾಸನ್ನು ಪೂರ್ತಿ ನೋಡಬೇಕು. ನಾನು ಕ್ಲಬ್ ಆರಿಸಿದ್ದು ಹೀಗೇ. ಗಮನಿಸಬೇಕಾದ್ದು ಮುಖ್ಯವಾಗಿ ಒಂದೇ: ಕ್ಲಾಸ್ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರ ಕೈಗೂ ಟಿಲ್ಲರ್ (ಚುಕ್ಕಾಣಿ ತಿರುಗಿಸುವ ಹಿಡಿಕೋಲು) ಎಷ್ಟು ಹೊತ್ತು ಸಿಗುತ್ತದೆ? ಉಳಿದ ಪ್ರಶ್ನೆಗಳೆಲ್ಲ ಇದರ ಹಿಂದೆಯೇ ಬರುತ್ತವೆ.

ಬ್ರಿಟನ್ನಿನ ಹಾಯಿದೋಣಿ ಸಂಸ್ಥೆ ಆರ್‌ವೈಎಯ ಪದ್ಧತಿಯಲ್ಲಿ ಇದಕ್ಕೊಂದು ಅಳತೆಯಿದೆ. ಶಿಕ್ಷಕರು ದೋಣಿಯಲ್ಲೇ ಕೂತು ಕಲಿಸುವುದಾದರೆ ಒಬ್ಬರಿಗೆ ಮೂವರು, ಒಂಟಿಯಾಗಿ ಓಡಿಸುವ ದೋಣಿಗಳಾದರೆ ಒಬ್ಬರಿಗೆ ಆರು ಮಂದಿ. ನಾನೂ ಇದೇ ಅಳತೆ ಹಿಡಿದೆ. ಹನ್ನೆರಡು ಜನರ ಬ್ಯಾಚಿಗೆ ಮೂರು ದೋಣಿ, ಒಬ್ಬ ಕೋಚ್ ಎಂದರೆ ಕಲಿಯುವವರು ಹೆಚ್ಚು ಹೊತ್ತು ಜೆಟ್ಟಿಯ ಮೇಲೆ ಕಾಯುತ್ತಲೇ ಇರುತ್ತಾರೆ.

ದೋಣಿಯ ಬಗೆಯೂ ಇದನ್ನೇ ನಿರ್ಧರಿಸುತ್ತದೆ. ಮುಂಬೈಯಲ್ಲಿ ಸಿಗುವ ಜೆ-80ಯಂಥ 8 ಮೀಟರಿನ ಕೀಲ್ ದೋಣಿ (ತಳದಲ್ಲಿ ಭಾರದ ರೆಕ್ಕೆಯಿರುವುದು) ಸುಲಭಕ್ಕೆ ಮಗುಚುವುದಿಲ್ಲ, ಹತ್ತಿದ ದಿನವೇ ದೂರ ಹೋಗಬಹುದು. ಆದರೆ ನಾಲ್ಕೈದು ಜನ ಸರದಿಯಲ್ಲಿ ಹಿಡಿಯಬೇಕು, ತಪ್ಪಿಗೆ ದೋಣಿ ತಕ್ಷಣ ಉತ್ತರ ಕೊಡುವುದೂ ಇಲ್ಲ. ಡಿಂಗಿ ಎನ್ನುವ ತೆರೆದ ಸಣ್ಣ ದೋಣಿಯಲ್ಲಿ ಹಾಯಿಯ ಹಗ್ಗ ಒಂದು ಗೇಣು ಬಿಗಿಯಾದರೂ ಮೈಗೆ ಗೊತ್ತಾಗುತ್ತದೆ. ಅದಕ್ಕೇ ಮೊದಲು ಡಿಂಗಿ ಎನ್ನುವವರ ಪಕ್ಷ ನನ್ನದು. ಇಬ್ಬರು ಕೂರುವ ಎಂಟರ್‌ಪ್ರೈಸ್ ಆಗಬಹುದು, ಒಂಟಿ ಲೇಸರ್ ಆಗಬಹುದು. ಲೇಸರನ್ನು ಈಗ ಐಎಲ್‌ಸಿಎ ಅನ್ನುತ್ತಾರೆ. ಅದೇ ಒಡಲಿಗೆ ಮೂರು ಅಳತೆಯ ಹಾಯಿಗಳಿವೆ: ಸುಮಾರು 4.7, 5.7 ಮತ್ತು 7 ಚದರ ಮೀಟರ್. 55 ಕೆಜಿ ತೂಗುವವರಿಗೆ 7ರ ಹಾಯಿ ಕಟ್ಟಿಕೊಡುವ ಕ್ಲಬ್ಬಿನಲ್ಲಿ ಕಲಿಕೆ ಪೂರ್ತಿ ಬೀಳುವುದು, ಏಳುವುದರಲ್ಲೇ ಕಳೆಯುತ್ತದೆ. ಇನ್ನು 2.36 ಮೀಟರಿನ ಆಪ್ಟಿಮಿಸ್ಟ್ 15 ವರ್ಷದೊಳಗಿನ ಮಕ್ಕಳ ದೋಣಿ. ಅದು ಮಾತ್ರ ಇರುವ ಕಡೆ ದೊಡ್ಡವರಿಗೆ ಜಾಗವಿಲ್ಲ.

ಮುಂದೆ ರೆಸ್ಕ್ಯೂ ಬೋಟ್. ಅದು ದಡಕ್ಕೆ ಕಟ್ಟಿದೆಯೋ, ಎಂಜಿನ್ ಚಾಲೂ ಇಟ್ಟುಕೊಂಡು ನೀರಿನಲ್ಲಿದೆಯೋ? ಡ್ರೈವರ್ ಕಾಲಿನ ಕಡೆ ನೋಡಿ. ಅಲ್ಲಿ ಸುರುಳಿ ಸುರುಳಿಯಾದ, ಸಾಮಾನ್ಯವಾಗಿ ಕೆಂಪು ಬಣ್ಣದ ಒಂದು ದಾರ ಇರಬೇಕು, ಕಿಲ್ ಕಾರ್ಡ್. ಒಂದು ತುದಿ ಎಂಜಿನ್ ಸ್ವಿಚ್ಚಿಗೆ, ಇನ್ನೊಂದು ತುದಿ ಅವರ ಕಾಲಿಗೆ. ಅವರು ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ಕಟ್ಟಿಕೊಳ್ಳದಿದ್ದರೆ ಆಳಿಲ್ಲದ ದೋಣಿ ಪ್ರೊಪೆಲರ್ ತಿರುಗಿಸುತ್ತ ನೀರಲ್ಲಿರುವವರ ಮೇಲೆಯೇ ಸುತ್ತು ಹೊಡೆಯುತ್ತದೆ. ಇದೊಂದನ್ನು ಕಡೆಗಣಿಸುವ ಕ್ಲಬ್ಬಿಗೆ ನಾನು ಯಾರನ್ನೂ ಕಳಿಸುವುದಿಲ್ಲ.

ಆಮೇಲೆ ದಡಕ್ಕೆ ಬಂದ ಲೇಸರ್ ಒಂದರ ಹಿಂಬದಿಗೆ ಹೋಗಿ, ಕೇಳಿಕೊಂಡು, ಬಿರಡೆ ಬಿಚ್ಚಿಸಿ. ಒಂದೆರಡು ಲೋಟ ನೀರು ಬಂದರೆ ಚಿಂತೆಯಿಲ್ಲ. ಬಕೆಟ್‌ಗಟ್ಟಲೆ ಸುರಿದರೆ ಒಡಲು ಎಲ್ಲೋ ಸೋರುತ್ತಿದೆ. ಒಳಗೆ ನೀರು ಓಲಾಡುವ ದೋಣಿ ಭಾರವಾಗುತ್ತದೆ, ವಾಲಿದ ಕಡೆಗೇ ಇನ್ನಷ್ಟು ವಾಲುತ್ತದೆ. ಅಲ್ಲೇ ಚುಕ್ಕಾಣಿ ಮೇಲೆ ಜಾರದಂತೆ ಹಿಡಿಯುವ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅದು ಮುರಿದಿದ್ದರೆ ದೋಣಿ ತಲೆಕೆಳಗಾದಾಗ ಚುಕ್ಕಾಣಿ ಕಳಚಿಹೋಗುತ್ತದೆ. ಡ್ಯಾಗರ್‌ಬೋರ್ಡಿಗೆ, ಅಂದರೆ ದೋಣಿಯ ನಡುವೆ ನೀರಿಗಿಳಿಸುವ ಹಲಗೆಗೆ, ರಬ್ಬರ್ ಹಗ್ಗ ಕಟ್ಟಿರಬೇಕು. ಮಗುಚಿದ ದೋಣಿಯನ್ನು ಎಬ್ಬಿಸುವುದು ಆ ಹಲಗೆಯ ಮೇಲೆ ನಿಂತು. ಅದು ಜಾರಿ ಹೊರಬಂದರೆ ಕಾಲಿಡಲು ಏನೂ ಇರುವುದಿಲ್ಲ. ಹಾಯಿಯ ಬಟ್ಟೆ ಹಳೇ ಪಂಚೆಯ ಹಾಗೆ ಮೆತ್ತಗಾಗಿದ್ದರೆ ಅದರ ಆಕಾರ ಹೋಗಿದೆ ಎಂದರ್ಥ. ಅಂಥ ಹಾಯಿ ಗಾಳಿಗೆದುರಾಗಿ ಏರುವುದಿಲ್ಲ, ಕಲಿಯುವವರು ತಪ್ಪು ತಮ್ಮದೇ ಅಂದುಕೊಂಡು ಕೊರಗುತ್ತಾರೆ.

ಮಗುಚುವ ಅಭ್ಯಾಸ ಯಾವ ದಿನ ಎಂದೂ ಕೇಳಿ. ಮೊದಲ ಒಂದೆರಡು ದಿನದಲ್ಲೇ, ರೆಸ್ಕ್ಯೂ ಬೋಟ್ ಪಕ್ಕದಲ್ಲಿಟ್ಟುಕೊಂಡು ಮಾಡಿಸಬೇಕು. ಆಳವಿಲ್ಲದ ಕೆರೆಯಲ್ಲಿ ಮಾಸ್ಟಿನ (ಹಾಯಿ ಕಂಬದ) ತುದಿ ಕೆಸರಿಗೆ ಹೂತುಕೊಳ್ಳುತ್ತದೆ. ಬಲವಂತ ಮಾಡಿದರೆ ಮಾಸ್ಟ್ ಬಾಗುತ್ತದೆ, ಹಾಗಾಗಿ ಬಿಡಿಸುವುದು ಹೇಗೆಂದು ಅಲ್ಲಿಯವರಿಗೆ ಗೊತ್ತಿರಬೇಕು. ಹೈದರಾಬಾದಿನ ಹುಸೇನ್ ಸಾಗರದಂಥ ನಗರದ ನೀರಿನಲ್ಲಿ ಕಲಿಯುವುದಾದರೆ ಗಾಯಗಳನ್ನು ಮುಚ್ಚಿಕೊಳ್ಳಿ, ಬಾಯಿ ಬಿಗಿದಿಡಿ. ದಡದಲ್ಲಿ ಸ್ನಾನಕ್ಕೆ ಒಳ್ಳೆಯ ನೀರು ಇದೆಯೇ ಎನ್ನುವುದು ಆಯ್ಕೆಯಲ್ಲಿ ನಿಜವಾಗಿ ಲೆಕ್ಕಕ್ಕೆ ಬರುತ್ತದೆ.

ಊರು ಬದಲಾದರೆ ಹಂಗಾಮೂ ಬದಲು. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ದೋಣಿಗಳು ದಡದಲ್ಲೇ. ಹುಸೇನ್ ಸಾಗರದ ರೆಗಟ್ಟಾಗಳು (ಹಾಯಿದೋಣಿ ಪಂದ್ಯಗಳು) ನಡೆಯುವುದು ಆ ಮಳೆಗಾಲದ ಗಾಳಿಯಲ್ಲೇ. ಬೆಂಗಳೂರಲ್ಲೂ ಪಡುವಣ ಗಾಳಿ ಜೋರಾಗುವುದು ಆಗಲೇ. ಇಲ್ಲಿ ಹಲಸೂರು ಕೆರೆಯಲ್ಲಿ ಹಾಯಿ ಕಟ್ಟುವವರು ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು. ಸೇನೆಯ ಕ್ಲಬ್ಬುಗಳಲ್ಲಿ ಹೊರಗಿನವರಿಗೆ ಪ್ರವೇಶ ಉಂಟೇ, ಯಾವ ಗುರುತಿನ ಚೀಟಿ ಬೇಕು ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ವಾಸಿ. ಚೆನ್ನೈಯಲ್ಲಿ 1911ರ ರಾಯಲ್ ಮದ್ರಾಸ್ ಯಾಟ್ ಕ್ಲಬ್ ಬಂದರಿನೊಳಗೇ ಇದೆ. ಮಧ್ಯಾಹ್ನದ ಕಡಲ ಗಾಳಿಯೂ ಉಂಟು, ಅಲೆ ತಡೆಯುವ ಗೋಡೆಯೂ ಉಂಟು.

ಎಲ್ಲೇ ಇರಲಿ, ಎಷ್ಟು ಗಾಳಿಗೆ ಹೊಸಬರನ್ನು ವಾಪಸ್ ಕರೆಸುತ್ತೀರಿ ಎಂದು ಕೇಳಿ. ಉತ್ತರದಲ್ಲಿ ಒಂದು ಅಂಕಿ ಇರಬೇಕು. ನನ್ನ ಮಟ್ಟಿಗೆ ಮೊದಲ ವಾರಗಳಿಗೆ 6ರಿಂದ 10 ನಾಟ್, ಅಂದರೆ ಗಂಟೆಗೆ ಸುಮಾರು 11ರಿಂದ 18 ಕಿಲೋಮೀಟರ್, ಹಿತ. 15 ನಾಟ್ ದಾಟಿದರೆ ಹೊಸಬರು ದಡದಲ್ಲಿರಲಿ.

ಸರ್ಟಿಫಿಕೇಟಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಆರ್‌ವೈಎ ಲೆವೆಲ್ 1, 2 ಎರಡೆರಡು ದಿನದ ಕೋರ್ಸುಗಳು. ಡಿಂಗಿಯ ಆ ಕಾಗದ ತೋರಿಸಿದರೆ ಹೊರದೇಶದಲ್ಲಿ ದೊಡ್ಡ ಯಾಟ್ ಬಾಡಿಗೆಗೆ ಸಿಗುವುದಿಲ್ಲ.

ಹಾಯಿದೋಣಿ ಶಾಲೆಯಲ್ಲಿ ಕೋರ್ಸ್ ಮುಗಿದ ಮೇಲೆ ಏನು ಎನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಆ ದೋಣಿಯನ್ನೇ ಮುಂದಿನ ಭಾನುವಾರ ಬಾಡಿಗೆಗೆ ಕೊಡುತ್ತಾರೆಯೇ? ಆಗ ರೆಸ್ಕ್ಯೂ ಬೋಟ್ ಇರುತ್ತದೆಯೇ? ಮುರಿದದ್ದಕ್ಕೆ ಯಾರು ತೆರಬೇಕು? ಕೋರ್ಸ್ ಮುಗಿಸಿ ಆರು ತಿಂಗಳು ದೋಣಿ ಮುಟ್ಟದಿದ್ದರೆ ಟ್ಯಾಕ್ ಹೊಡೆಯುವಾಗ (ದೋಣಿಯ ಮೂತಿಯನ್ನು ಗಾಳಿಗೆದುರಾಗಿ ಹಾಯಿಸಿ ತಿರುಗಿಸುವಾಗ) ಕೈ ಬದಲಿಸುವುದೇ ಮರೆತುಹೋಗುತ್ತದೆ. ಈ ವಿಷಯದಲ್ಲಿ ಕ್ಲಬ್ ಸದಸ್ಯತ್ವ ಮೇಲು. ರೇಸಿನ ದಿನ ಎಂಟರ್‌ಪ್ರೈಸಿಗೆ ಜೊತೆಗಾರರು ಬಾರದೆ ಒದ್ದಾಡುವವರು ಒಬ್ಬರಾದರೂ ಇರುತ್ತಾರೆ. ಗಂಟೆ ಮುಂಚೆ ಹೋಗಿ, ದೋಣಿ ನೀರಿಗಿಳಿಸಲು ಕೈಹಾಕಿ, ಜಿಬ್ ಶೀಟ್ (ಮುಂದಿನ ಸಣ್ಣ ಹಾಯಿಯ ಹಗ್ಗ) ಹಿಡಿಯುತ್ತೇನೆ ಅನ್ನಿ.