ಕೂಸಿನ ರಚ್ಚೆ, ಎರಡರ ಹಟ: ಸ್ವಭಾವ ಅಳೆಯುವಾಗ ನಾನು ಮಾಡುವುದು

"ಮಗು ಹೇಗೆ?" ಎಂದು ಕೇಳಿದರೆ "ಬಲು ಹಟ ಕಣ್ರೀ" ಅನ್ನುತ್ತಾರೆ. ಅದರಿಂದ ಏನನ್ನೂ ಅಳೆಯಲಾಗದು. ಹಾಗಾಗಿ 3ರಿಂದ 12 ತಿಂಗಳ ಕೂಸುಗಳಿಗೆ ಮನೋವಿಜ್ಞಾನಿ ರಾಥ್‌ಬಾರ್ಟ್ ತಂಡದ ಐಬಿಕ್ಯೂ-ಆರ್ ಬಳಸುತ್ತೇನೆ; ಕೂಸಿನ ಸ್ವಭಾವದ ಬಗ್ಗೆ ಹೆತ್ತವರು ತುಂಬುವ ಪ್ರಶ್ನಾವಳಿ ಇದು. ಪೂರ್ಣ ರೂಪದಲ್ಲಿ 191 ಪ್ರಶ್ನೆಗಳಿವೆ. ತೊಡೆಯ ಮೇಲೆ ಮಗು ಇಟ್ಟುಕೊಂಡು ಕೂತ ತಾಯಿಗೆ 37ರ ಪುಟ್ಟ ರೂಪವೇ ಸರಿ. ಕೇಳುವುದು ಹೆಚ್ಚಾಗಿ ಕಳೆದ ವಾರದ ಬಗ್ಗೆ, 1 (ಎಂದೂ ಇಲ್ಲ) ರಿಂದ 7 (ಯಾವಾಗಲೂ) ರವರೆಗೆ ಅಂಕ.

ಎಡವಟ್ಟಾಗುವುದು "ಅನ್ವಯಿಸದು" ಎಂಬ ಆಯ್ಕೆಯ ಕಡೆ. ನಮ್ಮ ಬಹುತೇಕ ಮನೆಗಳಲ್ಲಿ ಕಾರ್ ಸೀಟೂ ಇಲ್ಲ, ಪ್ಲೇಪೆನ್ನೂ ಇಲ್ಲ. ಅಂಥ ಸಂದರ್ಭವೇ ಬರದಿದ್ದರೆ ತಾಯಂದಿರು 1 ಹಾಕಿಬಿಡುತ್ತಾರೆ. ಅಳು-ಸಿಟ್ಟು-ಅಂಜಿಕೆಯ 12 ಪ್ರಶ್ನೆಗಳಲ್ಲಿ ಹತ್ತಕ್ಕೆ ಉತ್ತರ ಬಂದು ಮೊತ್ತ 48 ಆದರೆ ಸರಾಸರಿ 4.8. ಉಳಿದೆರಡಕ್ಕೆ 1 ಬಿದ್ದರೆ 50ನ್ನು 12ರಿಂದ ಭಾಗಿಸಿ 4.2ಕ್ಕೆ ಇಳಿಯುತ್ತದೆ. ಕಿರಿಕಿರಿಯ ಮಗು ಸಾಧಾರಣ ಮಗುವಾಗಿ ಕಾಣುತ್ತದೆ.

ಜ್ವರ, ಚುಚ್ಚುಮದ್ದು ಇದ್ದ ವಾರ, ಬಾಣಂತನ ಮುಗಿಸಿ ತವರಿನಿಂದ ಬಂದ ಮೊದಲ ವಾರ ಫಾರಂ ಕೊಡುವುದಿಲ್ಲ. ಎಣ್ಣೆ-ನೀರು ಹಾಕುವವರು ಅಜ್ಜಿಯಾದರೆ ಅವರಿಗೂ ಒಂದು ಫಾರಂ, ಆದರೆ ಬೇರೆ ಕೋಣೆಯಲ್ಲಿ. ಅತ್ತೆ ಪಕ್ಕದಲ್ಲಿದ್ದರೆ ಸೊಸೆಯ ಅಂಕ ಬದಲಾಗುತ್ತದೆ. ಇಬ್ಬರ ನಡುವೆ ಒಂದಂಕಕ್ಕೂ ಮೀರಿ ಅಂತರವಿದ್ದರೆ ಸರಾಸರಿ ತೆಗೆಯದೆ ಯಾವ ಪ್ರಶ್ನೆಯಲ್ಲಿ ಭೇದ ಬಂತು ಎಂದು ನೋಡುವುದು ಲೇಸು. ಜೊತೆಗೆ ತಾಯಿಗೆ ಹೆರಿಗೆಯ ನಂತರದ ಖಿನ್ನತೆ ಗುರುತಿಸುವ ಎಡಿನ್‌ಬರೊ ಮಾಪಕದ 10 ಪ್ರಶ್ನೆಗಳು: ಖಿನ್ನತೆಯಲ್ಲಿರುವ ತಾಯಿಗೆ ಕೂಸು ಇನ್ನಷ್ಟು ಕಷ್ಟದ್ದಾಗಿ ಕಾಣಬಹುದು.

ಮೇಲೆ ಹೇಳಿದ ಆ 12 ಪ್ರಶ್ನೆಗಳಲ್ಲಿ ಅಂಜಿಕೆಯೂ ಸಿಟ್ಟೂ ಬೆರೆತಿವೆ. ನನ್ನ ಮಟ್ಟಿಗೆ ಒಟ್ಟು ಅಂಕಕ್ಕಿಂತ ಇದನ್ನು ಬಿಡಿಸಿ ಓದುವುದೇ ಮುಖ್ಯ. ಅಂಜಿಕೆ ಹೆಚ್ಚಿದ್ದ ಕೂಸು ಎರಡರ ವಯಸ್ಸಿನಲ್ಲಿ ಹಿಂಜರಿಯುವ ಸಾಧ್ಯತೆ ಹೆಚ್ಚು. ತಡೆದಾಗ ಕೆರಳುತ್ತಿದ್ದದ್ದು ಹೊಡೆಯುವ, ಕಚ್ಚುವ ಕಡೆಗೆ ವಾಲಬಹುದು. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಕೇಗನ್ 4 ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ದನಿ, ವಾಸನೆ ಒಡ್ಡಿದಾಗ ಸುಮಾರು 20% ಕೈಕಾಲು ಬಡಿದು ಅತ್ತವು. ಅವುಗಳಲ್ಲಿ ಅನೇಕ ಮುಂದೆ ಅಂಜುಬುರುಕವಾದವು, ಎಲ್ಲವೂ ಅಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಸಂಶೋಧಕಿ ವಾನ್ ಡೆನ್ ಬೂಮ್ ರಚ್ಚೆಯ ಕೂಸುಗಳ ತಾಯಂದಿರಿಗೆ 6ರಿಂದ 9ನೇ ತಿಂಗಳವರೆಗೆ ಮಗುವಿನ ಸನ್ನೆ ಗುರುತಿಸಿ ಸ್ಪಂದಿಸಲು ಕಲಿಸಿದರು; ವರ್ಷ ತುಂಬುವಾಗ ಆ ಮಕ್ಕಳಲ್ಲಿ ಹೆಚ್ಚಿನವು ತಾಯಿಯೊಂದಿಗೆ ಭದ್ರ ಬಾಂಧವ್ಯ ಬೆಳೆಸಿಕೊಂಡಿದ್ದವು. ಆದ್ದರಿಂದ ಅಂಕ ಹೇಳುವಾಗ "ಮುಂದೆ ಹೀಗೇ ಆಗುತ್ತೆ" ಎಂದು ಬಾಯಿಬಿಡುವುದಿಲ್ಲ.

18 ತಿಂಗಳ ಮೇಲೆ ನಡವಳಿಕೆಗೆ ಸಿಬಿಸಿಎಲ್ ಎಂಬ ಮಕ್ಕಳ ನಡವಳಿಕೆ ಪಟ್ಟಿಯ 99 ಅಂಶಗಳ ಫಾರಂ. ಇದನ್ನು ಕೂಸಿದ್ದಾಗಿನ ಫಾರಂ ತುಂಬಿದವರಿಂದಲೇ ತುಂಬಿಸಿದರೆ ಎರಡು ಫಾರಂಗಳ ನಂಟು ಉಬ್ಬಿ ಕಾಣುತ್ತದೆ, ಹಾಗಾಗಿ ಅಪ್ಪನಿಗೆ ಕೊಡುತ್ತೇನೆ. ಇದೆಲ್ಲ ನೋಡಿ ಮನೆಯವರಿಗೆ ಹೇಳುವುದಿಷ್ಟು: ಅಂಜುವ ಮಗುವನ್ನು ಅಂಗನವಾಡಿಗೆ ಬಿಡುವಾಗ ಮೊದಲ ವಾರ ದಿನಕ್ಕೆ ಇಪ್ಪತ್ತು ನಿಮಿಷ, ಅಮ್ಮನ ತೊಡೆಯ ಮೇಲೆ, ಬಾಗಿಲ ಹತ್ತಿರ. "ಟೀಚರ್ ಹತ್ರ ಹೋಗು" ಎಂದು ಕೈಗೆ ದಾಟಿಸುವುದು ಬೇಡ. ಕೆರಳುವ ಮಗುವಿಗೆ ಆಟ ನಿಲ್ಲಿಸುವ ಮೊದಲೇ "ಇನ್ನೆರಡು ಸಲ ಜಾರುಬಂಡಿ, ಆಮೇಲೆ ಮನೆ" ಎಂದು ಹೇಳಿ, ಎರಡಾದ ಮೇಲೆ ಹೊರಡಲೇಬೇಕು.